ಓರಗೆಯವರ ಕೈಗೆ ಒಪ್ಪಿಸುವ ಮುನ್ನ



ಹೊರನಾಡಿನ ಜೈನ ಕನ್ನಡಿಗರ ಸಭೆಗಳಲ್ಲಿ ಯುವಜನರ ವಿಷಯ ಬಂದಾಗ ಈಗೀಗ ಒಂದು ಸಲಹೆ ಕೇಳಿಬರುತ್ತದೆ: ಹಿರಿಯರ ಉಪನ್ಯಾಸಗಳು ಸಾಕು, ಮಕ್ಕಳ ಕಾರ್ಯಕ್ರಮವನ್ನು ಅವರ ಓರಗೆಯವರ ಕೈಗೇ ಒಪ್ಪಿಸಬೇಕು. ಹದಿನಾರರ ಹುಡುಗಿಯ ಮಾತನ್ನು ಹದಿನಾಲ್ಕರ ಹುಡುಗಿ ಕೇಳುತ್ತಾಳೆ, ಅರವತ್ತರ ಕಾರ್ಯದರ್ಶಿಯ ಮಾತನ್ನು ಕೇಳುವುದಿಲ್ಲ ಎಂಬುದು ಇದರ ಹಿಂದಿನ ತರ್ಕ. ಸಲಹೆ ಮಂಡನೆಯಾದ ಕೂಡಲೇ ಸಭೆ ಎರಡು ಪಕ್ಷವಾಗುತ್ತದೆ. ಒಂದು ಪಕ್ಷಕ್ಕೆ ಇದು ಸರ್ವರೋಗಕ್ಕೂ ಮದ್ದು. ಇನ್ನೊಂದಕ್ಕೆ ಕುರುಡ ಕುರುಡನಿಗೆ ದಾರಿ ತೋರಿದಂತೆ. ಆದರೆ ಮಾಡಬೇಕಾದ ಕೆಲಸ ಯಾವುದೆಂದು ಎರಡೂ ಪಕ್ಷದವರು ಕೇಳುವುದಿಲ್ಲ. ಕೆಲಸ ನಿಶ್ಚಯವಾಗದೆ ಅದನ್ನು ಮಾಡುವವರು ಯಾರೆಂದು ವಾದಿಸುವುದು ಗಾಳಿ ಗುದ್ದಿ ಮೈ ನೋಯಿಸಿಕೊಂಡಂತೆ.

ಈ ವಿಧಾನವನ್ನು ಹೊಸತೆಂದು ಭಾವಿಸುವುದೂ ಸರಿಯಲ್ಲ. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ತನ್ನ ಜಿಲ್ಲೆಯ 533 ದೇಶೀಯ ಶಾಲೆಗಳ ಬಗ್ಗೆ ಮದರಾಸಿಗೆ ಒಂದು ವರದಿ ಕಳುಹಿಸಿದ. ಮುಂದುವರಿದ ಹುಡುಗರು ಹಿಂದೆ ಉಳಿದವರಿಗೆ ಕಲಿಸುತ್ತ ತಮ್ಮ ಕಲಿಕೆಯನ್ನೂ ಗಟ್ಟಿ ಮಾಡಿಕೊಳ್ಳುವ ಪದ್ಧತಿಯನ್ನು ಅವನು ಅದರಲ್ಲಿ ಮನಸಾರೆ ಮೆಚ್ಚಿದ್ದಾನೆ. ಇಂಗ್ಲೆಂಡ್ ಅದನ್ನು ಅನುಕರಿಸಿದ್ದು ಯೋಗ್ಯವೇ ಆಯಿತೆಂದೂ ಬರೆದಿದ್ದಾನೆ. ಆ ಅನುಕರಣೆಯ ಮೂಲ ಇಂದಿನ ಚೆನ್ನೈ. ಅಲ್ಲಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳ ಶಾಲೆಯೊಂದಿತ್ತು. 1789ರಿಂದ ಅದರ ಮೇಲ್ವಿಚಾರಕನಾಗಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ, ಊರಿನ ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ಕಲಿಯುವುದನ್ನು ಕಂಡ. ತನ್ನ ಶಾಲೆಯ ಉಪಾಧ್ಯಾಯರು ಆ ಕ್ರಮಕ್ಕೆ ಒಲಿಯದಿದ್ದಾಗ ಒಬ್ಬ ಹುಡುಗನಿಗೇ ಕಲಿಸುವ ಕೆಲಸ ಒಪ್ಪಿಸಿದ. 1797ರಲ್ಲಿ ಅವನು ಈ ಪ್ರಯೋಗವನ್ನು ಲಂಡನ್ನಿನಲ್ಲಿ ಪ್ರಕಟಿಸಿದ ಮೇಲೆ ‘ಮದರಾಸು ಪದ್ಧತಿ’ ಎಂಬ ಹೆಸರಿನಲ್ಲಿ ಅದು ಬ್ರಿಟನ್ನಿನ ಬಡ ಮಕ್ಕಳ ಶಾಲೆಗಳಿಗೆ ಹಬ್ಬಿತು. ಜೋಸೆಫ್ ಲ್ಯಾಂಕಾಸ್ಟರ್ ಎಂಬವನು ಅದೇ ಬಗೆಯ ಕ್ರಮವನ್ನು ಇನ್ನಷ್ಟು ಹಿಗ್ಗಿಸಿ, ಒಬ್ಬನೇ ಉಪಾಧ್ಯಾಯ ಸಾವಿರ ಹುಡುಗರನ್ನು ನಡೆಸಬಲ್ಲನೆಂದು ಸಾರಿದ.

ಪದ್ಧತಿ ಹಬ್ಬಿದ್ದಕ್ಕೆ ದೊಡ್ಡ ಕಾರಣ ಅದರ ಅಗ್ಗ. ಬಿದ್ದದ್ದೂ ಹೆಚ್ಚುಕಡಿಮೆ ಅದರಿಂದಲೇ. ಅಕ್ಷರ, ಮಗ್ಗಿ, ಕಾಗುಣಿತಗಳ ಮಟ್ಟಿಗೆ ಹುಡುಗರು ಹುಡುಗರಿಗೆ ಚೆನ್ನಾಗಿಯೇ ಕಲಿಸಿದರು. ಅದರಾಚೆಗೆ ಕಲಿಸಲು ಅವರ ಬಳಿ ಏನೂ ಇರಲಿಲ್ಲ. 1846ರ ಹೊತ್ತಿಗೆ ಇಂಗ್ಲೆಂಡ್ ಈ ದಾರಿ ಬಿಟ್ಟು, ಹಿರಿಯ ವಿದ್ಯಾರ್ಥಿಗಳಿಗೆ ಕೆಲವು ವರ್ಷಗಳ ತರಬೇತಿ ಕೊಟ್ಟು ಉಪಾಧ್ಯಾಯರನ್ನಾಗಿಸುವ ವ್ಯವಸ್ಥೆಗೆ ಹೊರಳಿತು. ಬಳ್ಳಾರಿಯ ಪದ್ಧತಿಯನ್ನು ಮೆಚ್ಚಿದ ಕ್ಯಾಂಬೆಲ್ ಕೂಡ ಅದೇ ವರದಿಯಲ್ಲಿ, ಮಕ್ಕಳು ಕಾವ್ಯಗಳನ್ನು ಅರ್ಥ ತಿಳಿಯದೆ ಗಿಳಿಪಾಠ ಒಪ್ಪಿಸುತ್ತಾರೆಂದು ದೂರಿದ್ದಾನೆ. ಮೆಚ್ಚುಗೆಯನ್ನು ಹೆಮ್ಮೆಯಿಂದ ಉದ್ಧರಿಸುವವರು ಸಾಮಾನ್ಯವಾಗಿ ಆ ದೂರಿನ ಪುಟ ತಲುಪುವುದಿಲ್ಲ.

ಓರಗೆಯವರು ತಮ್ಮಲ್ಲಿ ಇರುವುದನ್ನು ಮಾತ್ರ ದಾಟಿಸಬಲ್ಲರು ಎಂಬುದು ಈ ಇತಿಹಾಸದಿಂದ ತಿಳಿಯುತ್ತದೆ. ಹೊರನಾಡಿನ ಮನೆಗಳಲ್ಲಿ ಇದಕ್ಕೆ ಕನ್ನಡವೇ ಸಾಕ್ಷಿ. ಮುಂಬಯಿ, ಪುಣೆಗಳಲ್ಲಿ ಹುಟ್ಟಿ ಬೆಳೆದ ಮಕ್ಕಳು ತಮ್ಮತಮ್ಮಲ್ಲಿ ಹಿಂದಿಯಲ್ಲೋ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಮಾತನಾಡುತ್ತಾರೆ. ಚೆನ್ನೈ, ಹೈದರಾಬಾದು, ದಿಲ್ಲಿಗಳಲ್ಲಿ ಭಾಷೆಗಳ ಹೆಸರು ಬದಲಾಗುತ್ತದೆ, ಅಷ್ಟೆ. ಕಾರ್ಯಕ್ರಮವನ್ನು ಅವರ ಕೈಗೆ ಕೊಟ್ಟ ದಿನವೇ ಅದರ ಭಾಷೆ ಬದಲಾಗುತ್ತದೆ. ಇದು ಮಕ್ಕಳ ಅಪರಾಧವಲ್ಲ. ಕನ್ನಡ ಇರುವುದು ಅಜ್ಜಿಯ ಬಾಯಲ್ಲಿ. ಅದನ್ನು ಹದಿನೇಳರ ನಾಯಕನೊಬ್ಬ ಹದಿಮೂರರವರಿಗೆ ಕೊಡಲಾರ. ಭಾಷೆಯನ್ನು ಉಳಿಸುವುದೇ ಸಂಘದ ಗುರಿಯಾಗಿದ್ದರೆ ಓರಗೆಯವರ ವಿಧಾನವನ್ನು ಅಲ್ಲಿಗೇ ಕೈಬಿಟ್ಟು, ಅಜ್ಜಿಯರನ್ನೂ ಮೊಮ್ಮಕ್ಕಳನ್ನೂ ಒಂದೆಡೆ ಕೂರಿಸುವ ಉಪಾಯ ಹುಡುಕುವುದು ಮೇಲು.

ಹಾಗಾದರೆ ಓರಗೆಯವರಲ್ಲಿ ಮಾತ್ರ ಇದ್ದು ಹಿರಿಯರಲ್ಲಿ ಇಲ್ಲದ್ದು ಏನು? ತಮ್ಮ ವಯಸ್ಸಿನವರಲ್ಲಿ ಯಾವುದು ಸಹಜ, ಯಾವುದು ನಾಚಿಕೆ, ಯಾವುದು ಜಾಣತನ ಎಂದು ನಿರ್ಣಯಿಸುವ ಅಧಿಕಾರ. ಸಿಗರೇಟು ಶ್ವಾಸಕೋಶಕ್ಕೆ ಕೆಟ್ಟದ್ದೆಂದು ತಿಳಿಯದ ಹುಡುಗ ಇಂದು ಯಾವ ನಗರದಲ್ಲೂ ಸಿಗಲಾರ. ಅವನಿಗೆ ತಿಳಿಯಬೇಕಾದದ್ದು, ಸೇದದಿದ್ದರೂ ಗೆಳೆಯರ ನಡುವೆ ಜಾಗ ಉಳಿಯುತ್ತದೆ ಎಂಬ ಮಾತು. ಅದನ್ನು ಹೇಳುವ ಹಕ್ಕು ಇರುವುದು ಗೆಳೆಯರಿಗೆ ಮಾತ್ರ.

ಇದು ಬರಿಯ ಊಹೆಯಲ್ಲ. ಇಂಗ್ಲೆಂಡಿನ ಪಶ್ಚಿಮ ಭಾಗ ಮತ್ತು ವೇಲ್ಸ್‌ನ 59 ಶಾಲೆಗಳಲ್ಲಿ, 12-13 ವಯಸ್ಸಿನ 10,730 ವಿದ್ಯಾರ್ಥಿಗಳನ್ನು ಒಳಗೊಂಡ ‘ಅಸಿಸ್ಟ್’ ಎಂಬ ಪ್ರಯೋಗ ನಡೆದು, ಅದರ ಫಲಿತಾಂಶ 2008ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಲ್ಲಿ ಯಾರೂ ವೇದಿಕೆ ಹತ್ತಲಿಲ್ಲ, ಯಾರೂ ತರಗತಿಯ ಮುಂದೆ ನಿಂತು ಪಾಠ ಹೇಳಲಿಲ್ಲ. ಆರಿಸಿದ ಮಕ್ಕಳಿಗೆ ಶಾಲೆಯ ಹೊರಗೆ ಎರಡು ದಿನದ ತರಬೇತಿ ಕೊಡಲಾಯಿತು. ಮುಂದಿನ ಹತ್ತು ವಾರ ಅವರು ಊಟದ ಬಿಡುವಿನಲ್ಲಿ, ಮನೆಗೆ ಹೋಗುವ ದಾರಿಯಲ್ಲಿ, ಹರಟೆಯ ನಡುವೆ ಸಂದರ್ಭ ಒದಗಿದಾಗ ಧೂಮಪಾನದ ಮಾತೆತ್ತಿದರು. ತರಬೇತಿ ಕೊಟ್ಟವರು ಆಗಾಗ ಬಂದು ಅವರ ಜೊತೆ ಕುಳಿತು ಕಷ್ಟ ಸುಖ ವಿಚಾರಿಸಿದರು. ಎರಡು ವರ್ಷಗಳ ಅವಧಿಯಲ್ಲಿ ಈ ಶಾಲೆಗಳ ಮಕ್ಕಳು ನಿಯತ ಧೂಮಪಾನಿಗಳಾಗುವ ಸಂಭವ, ಉಳಿದ ಶಾಲೆಗಳಿಗೆ ಹೋಲಿಸಿದರೆ, ಸುಮಾರು ಐದನೇ ಒಂದು ಭಾಗದಷ್ಟು ಕಡಿಮೆಯಾಯಿತು. ಪವಾಡವೇನಲ್ಲ. ಆದರೆ ಭಿತ್ತಿಪತ್ರಗಳಿಗೂ ಪ್ರತಿಜ್ಞಾವಿಧಿಗಳಿಗೂ ಇಷ್ಟಾದರೂ ಫಲ ದಕ್ಕುವುದು ಅಪರೂಪ.

ಈ ಪ್ರಯೋಗದ ಜೀವ ಇದ್ದದ್ದು ಆಯ್ಕೆಯಲ್ಲಿ. ಯಾರನ್ನು ಗೌರವಿಸುತ್ತೀರಿ, ಯಾರು ಒಳ್ಳೆಯ ಮುಂದಾಳು, ಯಾರಂತೆ ಆಗಬೇಕೆನಿಸುತ್ತದೆ ಎಂಬಂಥ ಪ್ರಶ್ನೆಗಳನ್ನು ಮಕ್ಕಳಿಗೇ ಕೇಳಿ, ಹೆಚ್ಚು ಬಾರಿ ಬಂದ ಹೆಸರುಗಳನ್ನು ತೆಗೆದುಕೊಳ್ಳಲಾಯಿತು. ಉಪಾಧ್ಯಾಯರು ತಾವಾಗಿ ಎಂದೂ ಸೂಚಿಸದ ಹೆಸರುಗಳು, ತಂಟೆಕೋರರ ಹೆಸರುಗಳೂ ಸೇರಿ, ಪಟ್ಟಿಗೆ ಬಂದವು.

ಸಂಘಗಳ ಯುವ ಘಟಕಗಳು ಹೇಗೆ ರಚನೆಯಾಗುತ್ತವೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಕಾರ್ಯಕಾರಿ ಸಮಿತಿ ಕೂರುತ್ತದೆ. ಒಬ್ಬರು ಮಗಳ ಹೆಸರು ಹೇಳುತ್ತಾರೆ, ಇನ್ನೊಬ್ಬರು ದಾನಿಗಳ ಮೊಮ್ಮಗನನ್ನು ಬಿಡುವಂತಿಲ್ಲ ಎನ್ನುತ್ತಾರೆ, ಮೂರನೆಯ ಹೆಸರು ಹತ್ತನೆಯ ತರಗತಿಯಲ್ಲಿ ಶೇ. 96 ತೆಗೆದವನದು. ಮೂವರೂ ಒಳ್ಳೆಯ ಮಕ್ಕಳೇ ಇರಬಹುದು. ಆದರೆ ಉಳಿದ ಮಕ್ಕಳ ಕಣ್ಣಿಗೆ ಅವರು ಹಿರಿಯರ ದೂತರು. ಅವರು ಕೋಣೆಗೆ ಕಾಲಿಟ್ಟ ಕ್ಷಣ ಮಾತು ಬದಲಾಗುತ್ತದೆ. ಹೀಗೆ ನೇಮಕವಾದ ಘಟಕ ಮಹಾವೀರ ಜಯಂತಿಗೆ ಕುರ್ಚಿ ಹಾಕುತ್ತದೆ, ವೇದಿಕೆಯಲ್ಲಿ ಸ್ವಾಗತ ಕೋರುತ್ತದೆ, ವರ್ಷದ ಕೊನೆಗೆ ಶಾಲು ಹೊದಿಸಿಕೊಳ್ಳುತ್ತದೆ. ಹಾಸ್ಟೆಲಿನಲ್ಲಿ ಮೊದಲ ಬಾರಿ ಮೊಟ್ಟೆ ತಿಂದು ಮೂರು ದಿನ ತಾಯಿಗೆ ಫೋನ್ ಮಾಡಲಾಗದ ಹುಡುಗನಿಗೆ ಅದು ಇದ್ದೂ ಇಲ್ಲದಂತೆ. ಅನೇಕ ಕಡೆ ಓರಗೆಯವರ ವಿಧಾನವೆಂದು ಕರೆಯುವುದು ಹಿರಿಯರ ವಿಧಾನಕ್ಕೇ ತೊಡಿಸಿದ ಚಿಕ್ಕ ಅಂಗಿ. ಆಮೇಲೆ ಅದು ಸೋತಿತೆಂದು ಷರಾ ಬರೆಯುವುದು ನ್ಯಾಯವಲ್ಲ.

ಮಕ್ಕಳು ಮೆಚ್ಚಿದರೆ ಕಾರ್ಯಕ್ರಮ ಗೆದ್ದಿತೆಂಬ ಲೆಕ್ಕವೂ ಮೋಸದ್ದು. ಇಂಗ್ಲೆಂಡಿನಲ್ಲೇ ‘ರಿಪಲ್’ ಎಂಬ ಇನ್ನೊಂದು ಪ್ರಯೋಗದಲ್ಲಿ 16-17ರ ಹರೆಯದವರು 13-14ರವರಿಗೆ ಲೈಂಗಿಕ ಆರೋಗ್ಯದ ಪಾಠ ಹೇಳಿದರು. ಉಪಾಧ್ಯಾಯರ ಪಾಠಕ್ಕಿಂತ ಇದೇ ಹೆಚ್ಚು ಹಿಡಿಸಿತೆಂದು ಮಕ್ಕಳು ಹೇಳಿದರು. ಆದರೆ ಅವರಿಗೆ ಇಪ್ಪತ್ತು ತುಂಬುವ ವೇಳೆಗೆ ಗರ್ಭಪಾತಗಳ ಪ್ರಮಾಣವನ್ನು ನೋಡಿದಾಗ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿದಿರಲಿಲ್ಲ. ಅರ್ಧಕ್ಕಿಂತ ಹೆಚ್ಚು ಹುಡುಗಿಯರು, ಕೆಲವು ಪಾಠಗಳಾದರೂ ಹುಡುಗ ಹುಡುಗಿಯರಿಗೆ ಬೇರೆ ಬೇರೆಯಾಗಿ ಇರಲಿ ಎಂದಿದ್ದರು. ಈ ಬಯಕೆಗೆ ಹಿರಿಯರ ಸಂಕೋಚವೊಂದೇ ಕಾರಣವಲ್ಲ ಎಂಬುದು ಸುಧಾರಣಾವಾದಿಗಳೂ ಗಮನಿಸಬೇಕಾದ ಸಂಗತಿ.

ಉಪಯೋಗವಾಗದಿದ್ದರೂ ನಷ್ಟವೇನು ಎಂದು ಕೇಳುವವರು ಅಮೆರಿಕದ ಎರಡು ಅನುಭವಗಳನ್ನು ತಿಳಿದಿರಬೇಕು. ಆರೆಗಾನ್ ರಾಜ್ಯದಲ್ಲಿ ಥಾಮಸ್ ಡಿಶನ್ ಮತ್ತು ಸಂಗಡಿಗರು, ದಾರಿ ತಪ್ಪುವ ಲಕ್ಷಣ ತೋರಿದ 11ರಿಂದ 14 ವಯಸ್ಸಿನವರನ್ನು ಗುಂಪಾಗಿ ಸೇರಿಸಿ ಸಂಯಮದ ಪಾಠಗಳನ್ನು ನಡೆಸಿದರು. ಆ ಗುಂಪುಗಳಲ್ಲಿದ್ದವರ ತಂಬಾಕು ಸೇವನೆ ಇಳಿಯುವ ಬದಲು ಏರಿತು. ಅವರು ಕಂಡುಕೊಂಡ ಕಾರಣ ನಗು. ನಿಯಮ ಮುರಿದ ಕಥೆಯನ್ನು ಒಬ್ಬ ಹೇಳಿದಾಗ ಉಳಿದವರು ನಗುತ್ತಾರೆ, ಆ ನಗುವೇ ಅವನಿಗೆ ಬಹುಮಾನ, ಮುಂದಿನ ಕಥೆ ಇನ್ನೂ ದೊಡ್ಡದಾಗುತ್ತದೆ. ಇದಕ್ಕೂ ಹಿಂದೆ, 1939ರಿಂದ 1945ರವರೆಗೆ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್ ಮತ್ತು ಸಾಮರ್‌ವಿಲ್ ಊರುಗಳಲ್ಲಿ 506 ಹುಡುಗರ ಮೇಲೆ ಒಂದು ದೀರ್ಘ ಪ್ರಯೋಗ ನಡೆದಿತ್ತು. ಅವರಲ್ಲಿ ಅರ್ಧದಷ್ಟು ಮಂದಿಗೆ ವರ್ಷಗಟ್ಟಲೆ ಸಲಹೆ, ನೆರವುಗಳು ದೊರೆತವು. ಮೂವತ್ತು ವರ್ಷಗಳ ನಂತರ ಜೋನ್ ಮೆಕಾರ್ಡ್ ಅವರನ್ನು ಹುಡುಕಿ ನೋಡಿದಾಗ, ನೆರವು ಪಡೆದವರ ಬಾಳೇ ಹಲವು ವಿಷಯಗಳಲ್ಲಿ ಕೆಟ್ಟಿತ್ತು. ಒಂದಕ್ಕಿಂತ ಹೆಚ್ಚು ಬಾರಿ ಬೇಸಿಗೆ ಶಿಬಿರಕ್ಕೆ ಹೋದವರಲ್ಲಿ ಆ ಹಾನಿ ಎದ್ದು ಕಾಣುತ್ತಿತ್ತು. ಸದುದ್ದೇಶದ ಶಿಬಿರವೇ ಹುಡುಗರನ್ನು ಪರಸ್ಪರ ಕೆಡಿಸಿರಬಹುದೆಂದು ಮುಂದೆ ವಿದ್ವಾಂಸರು ತರ್ಕಿಸಿದರು.

ಕ್ಯಾಲಿಫೋರ್ನಿಯಾದಲ್ಲಿ ಥಾಮಸ್ ವ್ಯಾಲೆಂಟೆ ತಂಡ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಇನ್ನಷ್ಟು ಸ್ಪಷ್ಟಪಡಿಸುತ್ತದೆ. ವಿದ್ಯಾರ್ಥಿಗಳೇ ಆರಿಸಿದ ನಾಯಕರು ನಡೆಸಿದ ಮಾದಕವಸ್ತು ವಿರೋಧಿ ಗುಂಪುಗಳು ಒಟ್ಟಿನಲ್ಲಿ ಒಳ್ಳೆಯದನ್ನೇ ಮಾಡಿದವು. ಆದರೆ ಯಾರ ಸ್ನೇಹಿತರು ಮೊದಲೇ ಮಾದಕವಸ್ತು ಬಳಸುತ್ತಿದ್ದರೋ ಅವರಲ್ಲಿ ಬಳಕೆ ಹೆಚ್ಚಿತು. ಗೆಳೆತನ ಬಲವಾದ ವಾಹನ, ಆದರೆ ಅದರಲ್ಲಿ ತುಂಬುವ ಸರಕನ್ನು ಅದು ತಾನೇ ಪರೀಕ್ಷಿಸುವುದಿಲ್ಲ. ಆದ್ದರಿಂದ ಕೆಟ್ಟ ಚಟಕ್ಕೆ ಬಿದ್ದ ನಾಲ್ಕು ಹುಡುಗರನ್ನು ಗುರುತಿಸಿ, ಅವರಿಗೆಂದೇ ಒಂದು ಗುಂಪು ಕಟ್ಟಿ, ಒಬ್ಬರಿಂದೊಬ್ಬರು ಸುಧಾರಿಸಲಿ ಎಂದು ಬಿಡುವ ಯೋಜನೆಯನ್ನು ಯಾವ ಸಂಘವೂ ಕೈಗೊಳ್ಳಬಾರದು. ಅಂಥವರು ದೊಡ್ಡ, ಮಿಶ್ರ ಗುಂಪಿನಲ್ಲಿ ಚದುರಿ ಇರಬೇಕು. ಚಟದ ಚಿಕಿತ್ಸೆ ವೈದ್ಯರ ಕೆಲಸ.

ಪಾಶ್ಚಾತ್ಯ ಪ್ರಯೋಗಗಳಲ್ಲಿ ಚರ್ಚೆಗೇ ಬಾರದ ಒಂದು ತೊಡಕು ಹೊರನಾಡಿನ ಸಣ್ಣ ಸಮಾಜಕ್ಕಿದೆ. ಇನ್ನೂರು ಮುನ್ನೂರು ಮನೆಗಳ ಸಮಾಜದಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಬಹುಪಾಲು ಮನೆಗಳ ನಡುವೆ ಒಂದಲ್ಲ ಒಂದು ನಂಟು ಇದೆ, ಇಲ್ಲವೇ ನಂಟಾಗುವ ನಿರೀಕ್ಷೆ ಇದೆ. ಹದಿನೇಳರ ಹುಡುಗಿಯೊಬ್ಬಳು ತನ್ನ ಖಿನ್ನತೆಯನ್ನು ಓರಗೆಯವಳೊಬ್ಬಳಲ್ಲಿ ತೋಡಿಕೊಂಡರೆ, ಆ ಮಾತು ಆರು ವರ್ಷ ಕಳೆದ ಮೇಲೆ ಸಂಬಂಧದ ವಿಚಾರಣೆಗೆ ಬಂದವರ ಕಿವಿಗೆ ಬೀಳಬಹುದು. ಈ ಭಯವನ್ನು ಮಕ್ಕಳು ಬಾಯಿಬಿಟ್ಟು ಹೇಳದಿದ್ದರೂ ಅರಿತಿರುತ್ತಾರೆ. ಶಾಲೆಯ ಅಪರಿಚಿತ ಸಲಹೆಗಾರರ ಬಳಿ ಹೇಳುವುದನ್ನು ಸಮಾಜದ ಅಕ್ಕನ ಬಳಿ ಹೇಳದಿರಲು ಇದೇ ಕಾರಣ. ಹಾಗಾಗಿ ಮನಸ್ಸಿನ ಕಷ್ಟ, ಮನೆಯೊಳಗಿನ ಹಿಂಸೆ, ಪ್ರೇಮಪ್ರಕರಣಗಳಂಥ ವಿಷಯಗಳಲ್ಲಿ ಸಮಾಜದ ಓರಗೆಯವರನ್ನೇ ಆಪ್ತಸಲಹೆಗಾರರನ್ನಾಗಿ ನಿಲ್ಲಿಸುವುದು ಇಬ್ಬರಿಗೂ ಅನ್ಯಾಯ. ಹೇಳಿಕೊಂಡವಳಿಗೆ ಗುಟ್ಟು ಹೊರಬೀಳುವ ಭಯ, ಕೇಳಿದವಳಿಗೆ ಹೊರಲಾಗದ ಹೊರೆ.

ಆ ಹೊರೆ ಕಾನೂನಿನದೂ ಹೌದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ವರದಿ ಮಾಡಲೇಬೇಕೆಂದು 2012ರ ಪೋಕ್ಸೊ ಕಾಯ್ದೆಯ 19ನೆಯ ಸೆಕ್ಷನ್ ವಿಧಿಸುತ್ತದೆ. ವರದಿ ಮಾಡದ ವಯಸ್ಕರಿಗೆ 21ನೆಯ ಸೆಕ್ಷನ್ನಿನಲ್ಲಿ ಶಿಕ್ಷೆಯಿದೆ. ಹದಿನೆಂಟು ತುಂಬದವರಿಗೆ ಆ ಶಿಕ್ಷೆಯಿಂದ ವಿನಾಯಿತಿ ಇದೆಯಾದರೂ, ಅಂಥ ಮಾತನ್ನು ಎದೆಯಲ್ಲಿಟ್ಟುಕೊಂಡು ರಾತ್ರಿ ಮಲಗಬೇಕಾದ ಹದಿನಾರರ ಮಗುವಿಗೆ ವಿನಾಯಿತಿ ಕೊಡುವವರಾರು? ಓರಗೆಯ ನಾಯಕರಿಗೆ ಮೊದಲ ದಿನವೇ ಕಲಿಸಬೇಕಾದದ್ದು, ಗುಟ್ಟು ಇಟ್ಟುಕೊಳ್ಳುವೆನೆಂದು ಭಾಷೆ ಕೊಡಬಾರದು ಎಂಬುದನ್ನು. ಜೀವಕ್ಕೆ ಅಥವಾ ದೇಹಕ್ಕೆ ಅಪಾಯವೆನಿಸಿದ ಮಾತನ್ನು ಅಂದೇ ಯಾವ ಹಿರಿಯರಿಗೆ ತಿಳಿಸಬೇಕೆಂದು ಹೆಸರು ಹಿಡಿದು ಹೇಳಿರಬೇಕು. ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯದ ಟೆಲಿ-ಮಾನಸ್ 14416, ಈ ಎರಡು ಸಂಖ್ಯೆಗಳು ಪ್ರತಿಯೊಬ್ಬರ ಫೋನಿನಲ್ಲಿರಬೇಕು.

ಆ ಹಿರಿಯರು ಯಾರು? ಅಧ್ಯಕ್ಷರಲ್ಲ, ಖಜಾಂಚಿಯೂ ಅಲ್ಲ. ಬಿಹಾರದ ನಳಂದಾ ಜಿಲ್ಲೆಯ 74 ಸರಕಾರಿ ಪ್ರೌಢಶಾಲೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ‘ಸೆಹೆರ್’ ಪ್ರಯೋಗದಿಂದ ಇಲ್ಲಿ ಕಲಿಯುವುದಿದೆ. ಒಂದೇ ಕಾರ್ಯಕ್ರಮವನ್ನು ಕೆಲವು ಶಾಲೆಗಳಲ್ಲಿ ಅಲ್ಲಿನ ಉಪಾಧ್ಯಾಯರು ನಡೆಸಿದರು, ಕೆಲವೆಡೆ ಅದಕ್ಕೆಂದೇ ತರಬೇತಾದ ಸಾಮಾನ್ಯ ಸಲಹೆಗಾರರು ನಡೆಸಿದರು. ಸಲಹೆಗಾರರಿದ್ದ ಶಾಲೆಗಳಲ್ಲಿ ವಾತಾವರಣ ಸುಧಾರಿಸಿತು, ಪೀಡನೆಯೂ ಖಿನ್ನತೆಯ ಲಕ್ಷಣಗಳೂ ಇಳಿದವು. ಉಪಾಧ್ಯಾಯರಿದ್ದ ಶಾಲೆಗಳಲ್ಲಿ ಏನೂ ಬದಲಾಗಲಿಲ್ಲ. ಸಲಹೆಗಾರರು ಮಕ್ಕಳ ಓರಗೆಯವರಲ್ಲ, ವಯಸ್ಕರೇ. ಆದರೆ ಅಂಕ ಹಾಕುವವರಲ್ಲ, ಶಿಕ್ಷಿಸುವವರಲ್ಲ, ಅವರಿಗೆ ಬೇರೆ ಕೆಲಸವೂ ಇರಲಿಲ್ಲ. ಓರಗೆಯವರೋ ಹಿರಿಯರೋ ಎಂಬ ಜಗಳದಲ್ಲಿ ಈ ಮೂರನೆಯ ದಾರಿ ಕಣ್ಣಿಗೆ ಬೀಳುವುದೇ ಇಲ್ಲ. ಮಕ್ಕಳ ಮೇಲೆ ಯಾವ ಅಧಿಕಾರವೂ ಇಲ್ಲದ, ಇಪ್ಪತ್ತೈದು-ಮೂವತ್ತರ ಒಬ್ಬ ಅಕ್ಕ ಅಥವಾ ಅಣ್ಣ, ಸಾಧ್ಯವಾದರೆ ಸಮಾಜದ ಹೊರಗಿನವರು, ವಾರಕ್ಕೆ ಕೆಲವು ಗಂಟೆ ದುಡಿದು ಅದಕ್ಕೆ ಸಂಬಳ ಪಡೆಯುವಂತಾದರೆ ಓರಗೆಯವರ ಕೆಲಸಕ್ಕೂ ಬೆನ್ನೆಲುಬು ಬರುತ್ತದೆ.

ಸಂಬಳದ ಮಾತು ಬಂದ ಕೂಡಲೇ ಉತ್ಸಾಹ ತಣ್ಣಗಾಗುವುದು ಸಹಜ. ಹುಡುಗರೇ ಮಾಡುತ್ತಾರೆ, ಖರ್ಚಿಲ್ಲ ಎಂಬುದೇ ಸಲಹೆಯ ಮುಖ್ಯ ಆಕರ್ಷಣೆಯಾಗಿದ್ದರೆ ಅದು ಎಗ್ಮೋರಿನಿಂದ ಲಂಡನ್ನಿಗೆ ಹೋದ ಹಳೆಯ ಭ್ರಮೆಯೇ. ಅಸಿಸ್ಟ್ ಪ್ರಯೋಗದ ಮಕ್ಕಳ ಹಿಂದೆ ತರಬೇತಾದ ವಯಸ್ಕರ ತಂಡವಿತ್ತು. ಭಾರತ ಸರಕಾರವೇ 2014ರ ಜನವರಿಯಲ್ಲಿ ಆರಂಭಿಸಿದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 10ರಿಂದ 19 ವಯಸ್ಸಿನವರಿಗಾಗಿ ‘ಸಾಥಿಯಾ’ ಎಂಬ ಓರಗೆಯ ಬೋಧಕರನ್ನು ಊರೂರಿನಲ್ಲಿ ನೇಮಿಸುವ ಯೋಜನೆ ಮಾಡಿದಾಗ, ಅವರ ಹಿಂದೆ ಆಶಾ ಕಾರ್ಯಕರ್ತೆಯರನ್ನೂ ಹದಿಹರೆಯದವರ ಚಿಕಿತ್ಸಾಲಯಗಳನ್ನೂ ಇಟ್ಟೇ ನಕ್ಷೆ ಬರೆಯಿತು. ವರ್ಷಕ್ಕೊಮ್ಮೆ ಶಾಮಿಯಾನಕ್ಕೆ, ಹೂವಿಗೆ, ಸ್ಮರಣ ಸಂಚಿಕೆಗೆ ಖರ್ಚು ಮಾಡುವ ಸಂಘ ಒಬ್ಬ ಅರೆಕಾಲಿಕ ಸಂಯೋಜಕಿಗೆ ಹಣವಿಲ್ಲವೆಂದರೆ ಅದನ್ನು ನಂಬುವುದು ಕಷ್ಟ.

ಹೀಗಿದ್ದೂ ಈ ವಿಧಾನಕ್ಕೆ ಹೇಳಿ ಮಾಡಿಸಿದ ಕೆಲಸವೊಂದು ಹೊರನಾಡಿನ ಪ್ರತಿ ನಗರದಲ್ಲೂ ಕಾದಿದೆ. ಅದು ಮನೆ ಬಿಟ್ಟು ಕಾಲೇಜಿಗೆ ಹೋಗುವ ಮಕ್ಕಳ ಮೊದಲ ವರ್ಷ. ಯಾವ ಮೆಸ್ಸಿನಲ್ಲಿ ಗಡ್ಡೆಗೆಣಸಿಲ್ಲದ ಊಟ ಕೇಳಿದರೆ ನಗುವುದಿಲ್ಲ, ಸಂಜೆಯೊಳಗೆ ಊಟ ಮುಗಿಸುವವರು ಪ್ರಯೋಗಾಲಯದ ವೇಳೆಯನ್ನು ಹೇಗೆ ಹೊಂದಿಸಿಕೊಳ್ಳುತ್ತಾರೆ, ಪಾರ್ಟಿಯಲ್ಲಿ ಲೋಟ ಕೈಗೆ ಬಂದಾಗ ಗೆಳೆತನ ಕೆಡದಂತೆ ಬೇಡವೆನ್ನುವುದು ಹೇಗೆ, ತಿಂದದ್ದನ್ನೋ ಕುಡಿದದ್ದನ್ನೋ ಮನೆಯವರಿಗೆ ಹೇಳಬೇಕೇ ಬೇಡವೇ, ಇವೆಲ್ಲಕ್ಕೂ ಉತ್ತರ ಇರುವುದು ಎರಡನೆಯ ವರ್ಷದ ವಿದ್ಯಾರ್ಥಿಗಳ ಬಳಿ. ಹಿರಿಯರ ಬಳಿ ಇರುವುದು ಆತಂಕ ಮಾತ್ರ. ಇಲ್ಲಿ ದಾಟಿಸಬೇಕಾದ ಸರಕು ಓರಗೆಯವರಲ್ಲೇ ಇದೆ, ತಡೆಯಾಗಿರುವುದು ಒಂಟಿತನ ಮತ್ತು ನಾಚಿಕೆ, ಅಪಾಯ ಬಂದರೆ ಕರೆಯಲು ದೂರವಾಣಿಯ ಆಚೆ ಒಬ್ಬ ವಯಸ್ಕರನ್ನು ನಿಲ್ಲಿಸಬಹುದು. ಇವರ ವಾಟ್ಸ್ಆ್ಯಪ್ ಗುಂಪಿನಲ್ಲಿ ತಂದೆತಾಯಿಗಳು ಇರಕೂಡದು ಎಂಬ ನಿಯಮವೊಂದನ್ನು ಸಂಘ ಪಾಲಿಸಬಲ್ಲುದಾದರೆ ಅರ್ಧ ಕೆಲಸ ಆದಂತೆ.

ಈ ವರ್ಷವೇ ನಿರ್ಣಯಕ್ಕೆ ಬರಬಯಸುವ ಸಂಘ ಮೊದಲು ಒಂದು ಸಣ್ಣ ಕೆಲಸ ಮಾಡಬಹುದು. ಮುಂದಿನ ಭಾನುವಾರ ಸೇರುವ ಮಕ್ಕಳಿಗೆ ಖಾಲಿ ಚೀಟಿಗಳನ್ನು ಕೊಟ್ಟು, ಕಷ್ಟ ಬಂದಾಗ ತಮ್ಮ ವಯಸ್ಸಿನವರಲ್ಲಿ ಯಾರ ಬಳಿ ಹೋಗುವಿರಿ ಎಂದು ಕೇಳಿ, ಮೂರು ಹೆಸರು ಬರೆಸಬೇಕು. ಹುಡುಗಿಯರ ಚೀಟಿ ಬೇರೆ, ಹುಡುಗರದು ಬೇರೆ. ಸಮಿತಿ ಆ ಚೀಟಿಗಳನ್ನು ತೆರೆದು, ಹೆಚ್ಚು ಬಾರಿ ಬಂದ ಹೆಸರುಗಳನ್ನು ಕೂಡಿಸಲಿ. ಪಟ್ಟಿಯಲ್ಲಿ ಸಮಿತಿ ನಿರೀಕ್ಷಿಸದ ಹೆಸರುಗಳು ಇದ್ದೇ ಇರುತ್ತವೆ. ಪಾಠಶಾಲೆಗೆ ಸರಿಯಾಗಿ ಬಾರದವನ ಹೆಸರು, ಅನ್ಯಜಾತಿಯಲ್ಲಿ ಮದುವೆಯಾದವರ ಮಗಳ ಹೆಸರು, ವಂತಿಗೆ ಬಾಕಿ ಇರುವ ಮನೆಯ ಹುಡುಗನ ಹೆಸರು. ಅವುಗಳಲ್ಲಿ ಒಂದನ್ನೂ ಹೊಡೆದುಹಾಕದೆ ಅಂಗೀಕರಿಸಲು ಸಮಿತಿಗೆ ಮನಸ್ಸಿದ್ದರೆ ಆ ನಗರದಲ್ಲಿ ಕೆಲಸ ಆರಂಭಿಸಬಹುದು. ಮನಸ್ಸಿಲ್ಲದಿದ್ದರೆ ಈ ವರ್ಷ ಓರಗೆಯವರ ಕಾರ್ಯಕ್ರಮ ಬೇಡ. ಅದೇ ಹಣದಲ್ಲಿ ಒಬ್ಬ ಸಂಯೋಜಕಿಯನ್ನು ಹುಡುಕಲಿ, ಚೀಟಿಗಳನ್ನು ಹರಿದುಹಾಕಲಿ, ಯಾರ ಹೆಸರಿತ್ತು ಯಾರದಿರಲಿಲ್ಲ ಎಂಬುದು ಆ ಕೋಣೆಯಿಂದ ಹೊರಗೆ ಹೋಗದಿರಲಿ.